ಕೋಣೆ ಕೊಡುವ ಮೊದಲು ಬಾವಿ ಅಳೆಯಿರಿ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಆದರೂ ಏಪ್ರಿಲ್ ಬಂತೆಂದರೆ ಹಲವು ಬಾವಿಗಳ ತಳ ಕಾಣುತ್ತದೆ. ಮಳೆಗಾಲದ ನೀರು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗುಡ್ಡ ಇಳಿದು, ತೋಡು ಎಂಬ ಸಣ್ಣ ಹಳ್ಳ ಸೇರಿ, ಎಂದೋ ಕಡಲು ಮುಟ್ಟಿರುತ್ತದೆ. ಬೇಕಲ ಕೋಟೆ, ಅನಂತಪುರದ ಕೆರೆ ದೇವಸ್ಥಾನ ನೋಡಲು ಸಂಸಾರ ಸಮೇತ ಜನ ಹೊರಡುವುದು ಶಾಲೆಗೆ ರಜೆ ಸಿಗುವ ಆ ಹೊತ್ತಿಗೇ. ಮನೆಯ ಎರಡು ಕೋಣೆಯನ್ನು ಹೋಂಸ್ಟೇ ಮಾಡುವ ಯೋಚನೆಯಿದ್ದರೆ ಟೈಲ್ಸ್ ಆರಿಸುವ ಮೊದಲು ನೀರಿನ ಲೆಕ್ಕ ಹಾಕಿ.

ಏಪ್ರಿಲ್ ಕೊನೆಯ ಒಂದು ಸಂಜೆ, ಆ ದಿನದ ಬಳಕೆಯೆಲ್ಲ ಮುಗಿದ ಮೇಲೆ, ಬಾಲ್ದಿಯನ್ನು ಬಾವಿಗೆ ಇಳಿಸಿ. ಅದು ನೀರು ಮುಟ್ಟಿದಾಗ ಕಟ್ಟೆಯ ಅಂಚಿಗೆ ಸರಿಯಾಗಿ ಹಗ್ಗಕ್ಕೊಂದು ಗಂಟು ಹಾಕಿ. ರಾತ್ರಿ ಪಂಪು ಮುಟ್ಟಬೇಡಿ. ಬೆಳಿಗ್ಗೆ ಮತ್ತೊಮ್ಮೆ ಇಳಿಸಿದರೆ ಎಷ್ಟು ಏರಿದೆ ಎಂದು ತಿಳಿಯುತ್ತದೆ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ 10 ಸೆಂ.ಮೀ. ಏರಿದರೆ ಒರತೆ ಸುಮಾರು 700 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರದ ನೀರು ಪೂರೈಕೆಗೆ ಇಟ್ಟುಕೊಳ್ಳುವ ಸರ್ಕಾರಿ ಲೆಕ್ಕ. ಅಲ್ಲಿಗೆ ಐದು ಜನಕ್ಕೆ ಸರಿಹೋಯಿತು, ಮನೆಯಲ್ಲೇ ನಾಲ್ವರಿದ್ದೀರಿ! ಹಗಲಿನ ಒರತೆ ತೆಂಗು, ಬಾಳೆಯ ಪಾಲು, ಅದನ್ನು ಅತಿಥಿಗಳ ಲೆಕ್ಕಕ್ಕೆ ಸೇರಿಸಬೇಡಿ.

ಕಡಲ ಬದಿಯ ಹೊಯಿಗೆ (ಮರಳು) ನೆಲದವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ದೊಡ್ಡ ಪಂಪಿನಲ್ಲಿ ಒಮ್ಮೆಲೇ ಎಳೆದರೆ ಉಪ್ಪು ಮೇಲೇರುತ್ತದೆ. ಸಣ್ಣ ಪಂಪು, ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ.

ಲೆಕ್ಕ ಕೂಡಿಬರದಿದ್ದರೆ ಮನೆಯ ಮಾಡಿನತ್ತ, ಅಂದರೆ ಚಾವಣಿಯತ್ತ, ನೋಡಿ. 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 2.8 ಲಕ್ಷ ಉಳಿಯಿತು. ಮೇ ಕೊನೆಯ ವಾರದ ಪತ್ತನಾಜೆಗೆ ಮೊದಲೇ ಮಾಡಿನ ಅಂಚಿಗೆ ದಂಬೆ (ನೀರು ಹರಿಸುವ ದೋಣಿ) ಕಟ್ಟಿ ಮುಗಿಸಿ. ಮೊದಲ ಕೆಲವು ಮಳೆ ಮಾಡು ತೊಳೆಯಲಿ, ಆ ನೀರನ್ನು ಹೊರಗೆ ಬಿಡಿ. ಆಮೇಲಿನದನ್ನು ಜಲ್ಲಿ, ಇದ್ದಿಲು, ಹೊಯಿಗೆ ತುಂಬಿದ ಡ್ರಮ್ಮಿನ ಮೂಲಕ ಬಾವಿಗೆ ಹಾಯಿಸಿ. ಹಾಗೆಂದು ಅದಷ್ಟೂ ನಿಮ್ಮ ಬಾವಿಯಲ್ಲೇ ಕಾದು ಕೂರುವುದಿಲ್ಲ. ಮುರಕಲ್ಲಿನ ತೂತುಗಳಲ್ಲಿ ಹರಿದು ತಗ್ಗಿನ ಮನೆಗೂ ಹೋಗುತ್ತದೆ. ಪುಣ್ಯದ ಕೆಲಸವೇ, ಆದರೆ ಏಪ್ರಿಲ್‌ಗೆ ಸಾಲದು.

ಅದಕ್ಕೇ ಕಟ್ಟ. ಮಳೆ ನಿಂತು ತೋಡಿನ ಹರಿವು ಸಣ್ಣದಾದಾಗ, ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ, ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟುತ್ತಾರೆ. ಈಗ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆಯೂ ಬಂದಿದೆ. ನೀರು ನಿಂತಷ್ಟು ದಿನವೂ ಅಕ್ಕಪಕ್ಕದ ಬಾವಿಗೆ ಇಳಿಯುತ್ತಿರುತ್ತದೆ. ಒಂಟಿ ಕಟ್ಟದಿಂದ ಹೆಚ್ಚೇನೂ ಆಗದು. ಕಾಸರಗೋಡಿನದೇ ಹಳ್ಳಿಯಾದ ಏತಡ್ಕದವರಂತೆ ಒಂದೇ ತೋಡಿಗೆ ಸಾಲಾಗಿ ಕಟ್ಟಬೇಕು. ಹಾಗಾಗಿ ಮೇಲಿನ, ಕೆಳಗಿನ ತೋಟದವರ ಜೊತೆ ನವೆಂಬರ್‌ನಲ್ಲೇ ಕೂತು ಮಾತಾಡಿ.

ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಹಳೆಯ ಸುರಂಗ ಇದ್ದರೆ ಅದು ಕರೆಂಟಿಲ್ಲದೆ ಬರುವ ನೀರು, ಬಿಡಬೇಡಿ. ಹೂಳು, ಬೇರು ತೆಗೆಸಿ. ಒಳಗೆ ಗಾಳಿ ಕಡಿಮೆ ಇರಬಹುದು, ಮಣ್ಣು ಜರಿಯಲೂಬಹುದು. ಬಲ್ಲವರಿಗೇ ಕೆಲಸ ಒಪ್ಪಿಸಿ, ಒಬ್ಬರೇ ಒಳಹೋಗುವುದು ಬೇಡ.

ಕೋಣೆಯಲ್ಲಿ ಶವರ್ ಜೊತೆ ಬಾಲ್ದಿ, ಚೊಂಬು ಇಡಿ. ಅಡುಗೆಮನೆ ನೀರು ಬಾಳೆಬುಡಕ್ಕೆ ಹೋಗಲಿ. ಈಜುಕೊಳ ಬೇಕೇ ಎಂದು ಕೇಳಿದರೆ ಬೇಡ ಎಂದೇ ಹೇಳುತ್ತೇನೆ. 8x4 ಮೀಟರಿನ ಸಣ್ಣ ಕೊಳಕ್ಕೂ 1.2 ಮೀಟರ್ ಆಳಕ್ಕೆ 38,000 ಲೀಟರ್ ದಾಟುತ್ತದೆ. ಮಾರ್ಚ್‌ನಿಂದ ವಾರಕ್ಕೊಮ್ಮೆ ಬಾವಿ ಅಳೆಯಿರಿ. ಒರತೆ ಇಳಿದರೆ ಮೇ ತಿಂಗಳ ಒಂದು ಕೋಣೆಯ ಬುಕಿಂಗ್ ಮುಚ್ಚಿಬಿಡಿ.