ರಿವಾಲ್ವರಿನ ಜಮಾ-ಖರ್ಚು: ದಾಲ್ ಮಿಲ್ಲಿನವನೊಬ್ಬನ ಅನುಭವ

2025ರ ಜನವರಿ 16ರ ಬೆಳಿಗ್ಗೆ ಬೀದರಿನ ಶಿವಾಜಿ ಚೌಕದ ಬಳಿ, ಎಟಿಎಂಗೆ ಹಣ ತುಂಬಲು ಹೊರಟಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ, ಒಬ್ಬರನ್ನು ಕೊಂದು, ಹಣದ ಪೆಟ್ಟಿಗೆಯೊಂದಿಗೆ ಹೈದರಾಬಾದಿನತ್ತ ಪರಾರಿಯಾದರು. ಅದು ತೊಗರಿಯ ಸುಗ್ಗಿ ಕಾಲ. ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ಆ ವಾರ ಧಾರಣೆಗಿಂತ ಹೆಚ್ಚಾಗಿ ಚರ್ಚೆಯಾದದ್ದು ಈ ಸುದ್ದಿಯೇ. ಗಂಜಿನಲ್ಲಿ ನನ್ನ ಬಳಿ ಪರವಾನಗಿ ಇರುವ ರಿವಾಲ್ವರ್ ಇದೆಯೆಂಬುದು ಹಲವರಿಗೆ ಗೊತ್ತಿದ್ದರಿಂದ, ನಾಲ್ಕು ದಿನಗಳಲ್ಲಿ ನಾಲ್ವರು ಅಡತ್ಯಾರು (ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವ ದಲ್ಲಾಳಿಗಳು) ನನ್ನ ಗಾದಿಗೆ ಬಂದು ಕುಳಿತು, “ಲೈಸೆನ್ಸ್ ಹ್ಯಾಂಗ ತಗೊಂಡ್ರಿ ಅಣ್ಣಾರ, ನಮಗೂ ಹೇಳ್ರಿ” ಎಂದು ಕೇಳಿದರು. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು, ಹೇಳದೆ ಉಳಿಸಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಬಂದೂಕಿನ ವಿಚಾರ ತಲೆಗೆ ಹೊಕ್ಕದ್ದು 2020ರ ಜನವರಿಯಲ್ಲಿ. ರೈತರಿಗೆ ಮರುದಿನ ಕೊಡಬೇಕಾದ 3 ಲಕ್ಷ 40 ಸಾವಿರ ರೂಪಾಯಿಯ ಚೀಲದೊಂದಿಗೆ, ಸಂಜೆ ಏಳರ ಹೊತ್ತಿಗೆ, ಲೆಕ್ಕ ಬರೆಯುವ ನಮ್ಮ ಮುನೀಮರ ಸ್ಕೂಟರಿನ ಹಿಂದೆ ಕುಳಿತು ಗಂಜಿನಿಂದ ಕಪನೂರಿನ ನನ್ನ ದಾಲ್ ಮಿಲ್ಲಿಗೆ ಹೊರಟಿದ್ದೆ. ಹುಮನಾಬಾದ್ ರಸ್ತೆಯಲ್ಲಿ ಬೈಕೊಂದು ನಮ್ಮ ಪಕ್ಕಕ್ಕೆ ಬಂದು, ಹಿಂದೆ ಕುಳಿತಿದ್ದವನು ಹಿಡಿ ತುಂಬ ಖಾರಪುಡಿಯನ್ನು ನಮ್ಮಿಬ್ಬರ ಮುಖಕ್ಕೆ ಎರಚಿದ. ಸ್ಕೂಟರ್ ಬಿತ್ತು. ಚೀಲ ಬಿಡದ ನಮ್ಮ ಮುನೀಮರ ಮುಂಗೈ ಮೇಲೆ ಮಚ್ಚಿನ ಏಟು ಬಿದ್ದು ಹನ್ನೊಂದು ಹೊಲಿಗೆ ಹಾಕಬೇಕಾಯಿತು. ಅಷ್ಟೂ ನಡೆದದ್ದು ನಾನು ಕಣ್ಣು ಉಜ್ಜಿಕೊಂಡು ತೆರೆಯುವಷ್ಟರೊಳಗೆ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗಲೇ ರಿವಾಲ್ವರ್ ಕೊಳ್ಳಬೇಕೆಂದು ನಿಶ್ಚಯಿಸಿದೆ.

ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಮೂರನೆಯ ಕಲಮಿನ ಪ್ರಕಾರ ಪರವಾನಗಿ ಬೇಕೇ ಬೇಕು, ಕೇಳುವವನಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಗಳು ಕೊಡುವ ಈ ಪರವಾನಗಿಯನ್ನು, ಕಲಬುರಗಿ ನಗರಕ್ಕೆ ಪೊಲೀಸ್ ಆಯುಕ್ತಾಲಯ ಬಂದಿದ್ದರಿಂದ, ನಾನು ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಕೇಳಬೇಕಾಯಿತು. ಅರ್ಜಿಯೊಂದಿಗೆ ಗುರುತು ಮತ್ತು ವಿಳಾಸದ ದಾಖಲೆ, ಆದಾಯ ತೆರಿಗೆಯ ಪ್ರತಿಗಳು, ದೇಹ ಮತ್ತು ಮನಸ್ಸು ಸ್ವಸ್ಥವಾಗಿವೆ ಎಂಬ ವೈದ್ಯರ ಪತ್ರ, ಬಂದೂಕನ್ನು ಮನೆಯಲ್ಲಿ ಎಲ್ಲಿ ಭದ್ರವಾಗಿ ಇಡುತ್ತೇನೆ ಎಂಬ ಹೇಳಿಕೆ, ದರೋಡೆಯ ಎಫ್‌ಐಆರ್ ಪ್ರತಿ, ಇಷ್ಟನ್ನು ಕೊಟ್ಟೆ. ಠಾಣೆಯವರು ಮನೆಗೆ ಬಂದು ನೆರೆಯವರನ್ನು ವಿಚಾರಿಸಿದರು. ಮನೆಯಲ್ಲಿ ಜಗಳವಾಗುತ್ತದೆಯೆ, ಕುಡಿಯುತ್ತಾರೆಯೆ ಎಂದು ಎದುರು ಮನೆಯ ಅಜ್ಜಿಯನ್ನೂ ಕೇಳಿ ಹೋದರಂತೆ. ಅಜ್ಜಿ ಏನು ಹೇಳಿದಳೆಂಬುದು ಇಂದಿಗೂ ನನಗೆ ತಿಳಿದಿಲ್ಲ.

ಸಂದರ್ಶನದಲ್ಲಿ ಅಧಿಕಾರಿಯೊಬ್ಬರು ನನ್ನ ಎಫ್‌ಐಆರ್ ಓದಿ, ಹಾಳೆ ಕೆಳಗಿಟ್ಟು, “ಅವತ್ತು ನಿಮ್ಮ ಸೊಂಟದಾಗ ರಿವಾಲ್ವರ್ ಇದ್ದಿದ್ರ ಏನ್ ಮಾಡ್ತಿದ್ರಿ?” ಎಂದು ಕೇಳಿದರು. ಹೊಡೆಯುತ್ತಿದ್ದೆ ಎಂದೆ. “ಯಾರಿಗೆ? ಕಣ್ಣಾಗ ಖಾರ ಬಿದ್ದಿತ್ತಲ್ರಿ” ಎಂದರು. ನನಗೆ ಸಿಟ್ಟು ಬಂತು; ಪರವಾನಗಿ ಕೊಡಲು ಮನಸ್ಸಿಲ್ಲದೆ ಹೀಗೆ ಕೇಳುತ್ತಿದ್ದಾರೆ ಎಂದುಕೊಂಡೆ. ರಿವಾಲ್ವರಿಗಿಂತ ಹನ್ನೆರಡು ಬೋರಿನ ಉದ್ದ ನಳಿಗೆಯ ಬಂದೂಕು ಮಿಲ್ಲಿನ ಕಾವಲಿಗೆ ಹೆಚ್ಚು ಉಪಯೋಗವಾಗುತ್ತದೆ ಎಂದೂ ಅವರು ಸೂಚಿಸಿದರು. ಕಾಯ್ದೆಯ ಹದಿಮೂರನೆಯ ಕಲಮಿನಲ್ಲಿ ರಕ್ಷಣೆಗಾಗಿ ಅಂಥ ಬಂದೂಕು ಕೇಳುವವರಿಗೆ ಹಾದಿ ಸುಲಭವಾಗಿದೆ. ಆದರೆ ನನ್ನ ತಲೆಯಲ್ಲಿ ಸೊಂಟಕ್ಕೆ ಕಟ್ಟುವ ಆಯುಧವೇ ಕುಳಿತಿತ್ತು.

ಲಾಕ್‌ಡೌನಿನಿಂದ ತಡವಾಗಿ, ಅದೇ ವರ್ಷದ ನವೆಂಬರಿನಲ್ಲಿ ಪರವಾನಗಿ ಕೈಸೇರಿತು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ; ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. 2021ರ ಜನವರಿಯಲ್ಲಿ, ಪರವಾನಗಿ ಇರುವ ವ್ಯಾಪಾರಿಯಿಂದ, ಕಾನಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೊಂಡೆ. ಲಕ್ಷ ರೂಪಾಯಿ ದಾಟಿದ ಆ ಖರ್ಚನ್ನು ಮುನೀಮರು ಯಾವ ಖಾತೆಗೆ ಬರೆಯಬೇಕೆಂದು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಅದಕ್ಕೂ ಮೊದಲೇ ಹೋಗಿದ್ದೆ. ಗುರಿ ಇಡುವುದನ್ನು ಕಲಿಸಿದ್ದಕ್ಕಿಂತ ಅಲ್ಲಿನ ಹಿರಿಯ ಶಿಕ್ಷಕರು ಬೆರಳನ್ನು ಟ್ರಿಗರಿನ ಹೊರಗೆ ಇಡುವುದನ್ನೂ, ಖಾಲಿ ಎಂದು ನಂಬಿದ ಬಂದೂಕನ್ನು ಮತ್ತೆ ತೆರೆದು ನೋಡುವುದನ್ನೂ ಕಲಿಸಿದ್ದು ಹೆಚ್ಚು. ಕಾನೂನಿನ ಪಾಠವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು: “ಓಡಿಹೋಗೋನ ಬೆನ್ನಿಗೆ ಹೊಡದ್ರ ಅದು ಆತ್ಮರಕ್ಷಣೆ ಅಲ್ರಿ, ಕೇಸು ನಿಮ್ಮ ಮ್ಯಾಲ.” ಆಗ ಇದ್ದ ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಇವೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇರುವುದಿಲ್ಲ ಎಂಬ ಮಿತಿಗಳು ಎರಡರಲ್ಲೂ ಒಂದೇ. ಪ್ರಾಣಭಯದ ದರೋಡೆಯಲ್ಲಿ ಈ ಹಕ್ಕು ಬಹಳ ದೂರದವರೆಗೆ ಹೋಗುತ್ತದೆ, ನಿಜ. ಆದರೆ ಬೆದರಿಕೆ ಎಲ್ಲಿ ಮುಗಿಯಿತು ಎಂಬುದನ್ನು ನಾನು ರಸ್ತೆಯಲ್ಲಿ ಕ್ಷಣದಲ್ಲಿ ತೀರ್ಮಾನಿಸಬೇಕು. ನ್ಯಾಯಾಲಯ ಅದನ್ನು ವರ್ಷಗಟ್ಟಲೆ ಕುಳಿತು ಅಳೆಯುತ್ತದೆ.

ಅಧಿಕಾರಿಯ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಒಂದು ಭಾನುವಾರ ಮಿಲ್ಲಿನ ಅಂಗಳದಲ್ಲಿ, ನಿಜವಾದ ರಿವಾಲ್ವರನ್ನು ತಿಜೋರಿಯಲ್ಲೇ ಬಿಟ್ಟು, ಮಗನ ಆಟಿಕೆಯ ಪಿಸ್ತೂಲನ್ನು ರಿವಾಲ್ವರಿನ ಚರ್ಮದ ಚೀಲಕ್ಕೆ ತುರುಕಿ ಸೊಂಟಕ್ಕೆ ಕಟ್ಟಿಕೊಂಡೆ. ಏಳು ಹೆಜ್ಜೆ ದೂರದಿಂದ ಮುನೀಮರು ಕೈಯಲ್ಲಿ ಬಿದಿರು ಕೋಲು ಹಿಡಿದು ಓಡಿ ಬರಬೇಕು, ನಾನು ಅಷ್ಟರೊಳಗೆ ಪಿಸ್ತೂಲು ತೆಗೆಯಬೇಕು. ಐದು ಸಲ ಮಾಡಿದೆವು. ಐದು ಸಲವೂ ಕೋಲು ನನ್ನ ಭುಜಕ್ಕೆ ತಾಗಿತು. ಮೂರು ಸಲ ಚೀಲದ ಗುಂಡಿಯೇ ಬಿಚ್ಚಿರಲಿಲ್ಲ. ಐವತ್ತೆಂಟು ವರ್ಷದ ಮುನೀಮರು, ಹೊಲಿಗೆ ಬಿದ್ದ ಕೈಯಲ್ಲಿ, ಮಂಡಿನೋವಿನೊಂದಿಗೆ ಓಡಿ ಬಂದವರು. ಅವರು ಬರುತ್ತಿದ್ದಾರೆಂದು ನನಗೆ ಮೊದಲೇ ಗೊತ್ತಿತ್ತು, ಕಣ್ಣಿಗೆ ಖಾರವೂ ಬಿದ್ದಿರಲಿಲ್ಲ.

ಇನ್ನೊಂದು ಸಂಗತಿಯನ್ನು ನಾನು ಬಹಳ ತಡವಾಗಿ ಅರ್ಥಮಾಡಿಕೊಂಡೆ. ನಮ್ಮನ್ನು ದೋಚಿದವರನ್ನು ಪೊಲೀಸರು ಎರಡು ತಿಂಗಳಲ್ಲಿ ಹಿಡಿದಿದ್ದರು. ಅವರಲ್ಲೊಬ್ಬನು ಎರಡು ಸುಗ್ಗಿ ನಮ್ಮ ಮಿಲ್ಲಿನಲ್ಲೇ ಹಮಾಲಿ ಮಾಡಿದವನು. ಯಾವ ವಾರ ರೈತರಿಗೆ ಹಣ ಹಂಚುತ್ತೇವೆ, ಯಾವ ಹೊತ್ತಿಗೆ ಹೊರಡುತ್ತೇವೆ, ಚೀಲ ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು ಅವನು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ, ಏಕೆಂದರೆ ನಾವು ವರ್ಷಗಳಿಂದ ಅದೇ ದಿನ, ಅದೇ ದಾರಿ, ಅದೇ ಸ್ಕೂಟರ್ ಹಿಡಿದಿದ್ದೆವು. ಹಾಗಾಗಿ ಆ ವರ್ಷದಿಂದ ರೈತರ ಹಣವನ್ನು ಅವರ ಖಾತೆಗೇ ಹಾಕಲು ಶುರು ಮಾಡಿದೆ. ಸುಲಭವಾಗಲಿಲ್ಲ. ಆಳಂದ, ಚಿಂಚೋಳಿ ಕಡೆಯ ಹಿರಿಯ ರೈತರು, “ನೋಟು ಎಣಿಸಿ ಕೊಡ್ರಿ ಸಾವ್ಕಾರ್ರ, ಬ್ಯಾಂಕಿನಾಗ ಹಾಕಿದ್ರ ಸಾಲಕ್ಕ ಮುರಕೋತಾರ” ಎಂದು ಹಟ ಹಿಡಿದರು, ಕೆಲವರು ಬೇರೆ ಅಡತಿಗೆ ಹೋದರು. ಅವರ ಭಯವೂ ಸುಳ್ಳಲ್ಲ. ಉಳಿದ ಸ್ವಲ್ಪ ನಗದನ್ನು ಕಾರಿನಲ್ಲಿ, ಹಗಲಿನಲ್ಲಿ, ದಿನ ಮತ್ತು ದಾರಿ ಬದಲಿಸುತ್ತ ಒಯ್ಯುತ್ತೇವೆ. ಹೊರಡುವ ಹೊತ್ತು ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಸಾಗಿಸುವ ಹಣಕ್ಕೆ ವಿಮೆ ಮಾಡಿಸಿದ್ದೇನೆ, ಮಿಲ್ಲಿನ ಗೇಟಿಗೆ ಕ್ಯಾಮೆರಾ ಹಾಕಿಸಿದ್ದೇನೆ. ಚೀಲ ಕೇಳಿದರೆ ಬಿಟ್ಟುಬಿಡಿ, ಆಮೇಲೆ 112ಕ್ಕೆ ಫೋನ್ ಮಾಡಿ ಎಂದು ಮುನೀಮರಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ಅವರು ಹೂಂ ಎನ್ನುತ್ತಾರೆ, ಬಿಡುವರೆಂಬ ನಂಬಿಕೆ ನನಗಿಲ್ಲ.

ಬಂದೂಕಿನ ದಿನನಿತ್ಯದ ಹೊರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಭೆ, ಶಾಲೆ-ಕಾಲೇಜುಗಳ ಆವರಣಕ್ಕೆ ಅದನ್ನು ಒಯ್ಯಬಾರದೆಂದು ಪರವಾನಗಿಯ ಷರತ್ತಿನಲ್ಲೇ ಇದೆ. ಅಂದರೆ ಶರಣಬಸವೇಶ್ವರರ ತೇರಿಗೂ ಇಲ್ಲ, ಬಂದೇನವಾಜರ ಉರುಸಿಗೂ ಇಲ್ಲ. ಸಂಬಂಧಿಕರ ಮದುವೆಯೊಂದರಲ್ಲಿ ಮೆರವಣಿಗೆಯ ಮುಂದೆ ಗಾಳಿಯಲ್ಲಿ ಒಂದು ಗುಂಡು ಹಾರಿಸೆಂದು ಕಾಡಿದರು. ಸಂಭ್ರಮಕ್ಕೆ ಹಾಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ವಿವರಿಸಿದೆ. ಮಾವನವರು ಇಂದಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಮನೆಯಲ್ಲಿ ತಿಜೋರಿಯ ಕೀಲಿ ನನ್ನ ಬಳಿ ಮಾತ್ರ ಇರುತ್ತದೆ, ಗುಂಡುಗಳು ಬೇರೆ ಕಪಾಟಿನಲ್ಲಿರುತ್ತವೆ. ಕಳ್ಳ ಬಂದಾಗ ಎರಡು ಕೀಲಿ ಹುಡುಕುವಷ್ಟು ಹೊತ್ತು ಅವನು ಕಾಯುತ್ತಾನೆಯೇ ಎಂದು ನನ್ನ ಹೆಂಡತಿ ಕೇಳಿದಳು. ಮಕ್ಕಳಿರುವ ಮನೆಯಲ್ಲಿ ಬೇರೆ ರೀತಿ ಇಡಲು ನಾನು ಸಿದ್ಧನಿಲ್ಲ.

ಚುನಾವಣೆ ಬಂದಾಗಲೆಲ್ಲ ನಾನು ಆಯುಧವನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕಾಯಿತು. 2021ರ ಮಹಾನಗರ ಪಾಲಿಕೆ ಚುನಾವಣೆಗೆ 27 ದಿನ, 2023ರ ವಿಧಾನಸಭೆಗೆ 48 ದಿನ, 2024ರ ಲೋಕಸಭೆಗೆ 84 ದಿನ ನನ್ನ ರಿವಾಲ್ವರ್ ಠಾಣೆಯಲ್ಲಿತ್ತು. ವ್ಯಾಪಾರಿಯ ಚಟದಿಂದ ಇದನ್ನೆಲ್ಲ ಒಂದು ಸಣ್ಣ ವಹಿಯಲ್ಲಿ ಬರೆದಿಟ್ಟಿದ್ದೇನೆ. ಕೊಂಡಾಗಿನಿಂದ ನವೀಕರಣದ ಅರ್ಜಿ ಹಾಕುವವರೆಗಿನ ಸುಮಾರು 1,690 ದಿನಗಳಲ್ಲಿ 159 ದಿನ ಅದು ಠಾಣೆಯಲ್ಲಿತ್ತು. ಸೊಂಟದಲ್ಲಿ ಇದ್ದದ್ದು 84 ದಿನ: 2021ರಲ್ಲಿ 38, ಮರುವರ್ಷ 29, ಆಮೇಲೆ 11, ಆಮೇಲೆ 6. ನಗದು ಕಡಿಮೆಯಾದಂತೆ ಅದನ್ನು ಕಟ್ಟಿಕೊಳ್ಳುವ ಕೆಲಸವೂ ಕಡಿಮೆಯಾಯಿತು. ಬೀದರಿನ ಘಟನೆಯಾದ 2025ರ ಸುಗ್ಗಿಯಲ್ಲಿ ಒಮ್ಮೆಯೂ ಕಟ್ಟಲಿಲ್ಲ. ಉಳಿದ ದಿನಗಳೆಲ್ಲ ತಿಜೋರಿಯಲ್ಲೇ ಕಳೆದವು. ಅದರಿಂದ ಹಾರಿದ ಗುಂಡುಗಳೆಲ್ಲ ಅಭ್ಯಾಸದ ಮೈದಾನದ ಮಣ್ಣಿನ ದಿಬ್ಬಕ್ಕೆ ಹೋಗಿವೆ.

ಹಾಗಾದರೆ ಮಾರಿಬಿಡಿ ಎಂದು ಆ ನಾಲ್ವರಲ್ಲಿ ಒಬ್ಬರು ಹೇಳಿದರು. ಮಾರಲಿಲ್ಲ. ಸುಗ್ಗಿಯ ರಾತ್ರಿಗಳಲ್ಲಿ ನಾನು ಊರ ಹೊರಗಿನ ಮಿಲ್ಲಿನಲ್ಲೇ ಮಲಗುತ್ತೇನೆ. ಅಲ್ಲಿ ಬಾಗಿಲು ಮುರಿಯುವ ಸದ್ದು ಕೇಳಿಸಿಕೊಳ್ಳಲು, ಎದ್ದು ಕೂರಲು ಸಮಯವಿರುತ್ತದೆ. ರಸ್ತೆಯಲ್ಲಿ ಆ ಸಮಯ ಇರುವುದಿಲ್ಲ. ಮೊದಲ ಸಲವೇ ಆ ಅಧಿಕಾರಿ ಉದ್ದ ನಳಿಗೆಯ ಬಂದೂಕು ಸೂಚಿಸಿದ್ದು ಇದೇ ಲೆಕ್ಕಕ್ಕೆ ಎಂದು ಈಗ ಹೊಳೆಯುತ್ತದೆ.

ಅವಧಿ ಮುಗಿಯುವುದಕ್ಕೆ ಅರವತ್ತು ದಿನ ಮೊದಲೇ ನವೀಕರಣಕ್ಕೆ ಅರ್ಜಿ ಕೊಡಬೇಕಾದ್ದರಿಂದ 2025ರ ಆಗಸ್ಟ್ ಕೊನೆಯಲ್ಲಿ ಕಚೇರಿಗೆ ಹೋದೆ. ಆಯುಧದ ನಂಬರು ನೋಡಿದ ಗುಮಾಸ್ತರು, ಈ ಐದು ವರ್ಷಗಳಲ್ಲಿ ಅದನ್ನು ಬಳಸುವ ಪ್ರಸಂಗ ಬಂದಿತ್ತೆ ಎಂದು ಕೇಳಿದರು. ಇಲ್ಲ ಎಂದೆ. “ಛಲೋ ಆತ್ ಬಿಡ್ರಿ” ಎಂದು ಬರೆದುಕೊಂಡು, ವೈದ್ಯರ ಹೊಸ ಪತ್ರ ಎಲ್ಲಿ ಎಂದು ಕೈ ಚಾಚಿದರು. ಅದನ್ನು ತರಲು ನಾನು ಮರೆತಿದ್ದೆ.