ಸುಲಭಕ್ಕೆ ಬಾಯಿ ಬಿಡದ ಕಂಪ್ಯೂಟರ್ ರೋಗಿಯನ್ನು ರೂಪಿಸುವುದು ಹೇಗೆ

ಮೆಡಿಕಲ್ ವಿದ್ಯಾರ್ಥಿಗಳಿಗೆ ರೋಗಿಯ ಜೊತೆ ಮಾತಾಡುವುದನ್ನು ಕಲಿಸುವುದು ನನ್ನ ಕೆಲಸ. ಈಗೀಗ ಆ ಪಾಠದ ದೊಡ್ಡ ಪಾಲು ಕಂಪ್ಯೂಟರ್ ಒಳಗಿನ ರೋಗಿಗಳ ಜೊತೆ ನಡೆಯುತ್ತದೆ. "ಚಾಟ್‌ಬಾಟ್‌ಗೆ ನೀನೊಬ್ಬ ಶುಗರ್ ರೋಗಿ ಅಂತ ಒಂದು ಸಾಲು ಕೊಟ್ರೆ ಸಾಕಲ್ವಾ?" ಅಂತ ಜೊತೆಯ ಮೇಷ್ಟ್ರುಗಳು ಕೇಳುತ್ತಾರೆ. ಸಾಕು, ರೋಗಿ ಹುಟ್ಟುತ್ತಾನೆ. ಆದರೆ ಹಾಗೆ ಹುಟ್ಟಿದ ರೋಗಿ ತೀರಾ ಒಳ್ಳೆಯವನು. ಒಂದು ಕೇಳಿದರೆ ನಾಲ್ಕು ಹೇಳುತ್ತಾನೆ. ಲಕ್ಷಣಗಳನ್ನು ಪುಸ್ತಕದಲ್ಲಿರುವ ಕ್ರಮದಲ್ಲೇ ಒಪ್ಪಿಸುತ್ತಾನೆ. ಡಾಕ್ಟರ್ ಹೇಳಿದ್ದಕ್ಕೆಲ್ಲ ಒಪ್ಪಿ, ಕೊನೆಗೆ ಧನ್ಯವಾದವನ್ನೂ ಹೇಳುತ್ತಾನೆ. ಇಂಥ ರೋಗಿ ಯಾವ ವಾರ್ಡಿನಲ್ಲೂ ಸಿಗುವುದಿಲ್ಲ. ಇವನ ಮೇಲೆ ಪಳಗಿದ ವಿದ್ಯಾರ್ಥಿಗೆ ತಾನು ಚೆನ್ನಾಗಿ ಮಾತಾಡುತ್ತೇನೆ ಎಂಬ ಭ್ರಮೆ ಮಾತ್ರ ಬರುತ್ತದೆ.

ಹಾಗಾಗಿ ಮೊದಲ ಕೆಲಸ, ಮಷೀನಿಗೆ ಮುಚ್ಚಿಡುವುದನ್ನು ಕಲಿಸುವುದು. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ನಾಟಕದ ರೋಗಿ ಹೊಸ ಯೋಚನೆಯೇನಲ್ಲ. 1963ರಲ್ಲಿ ಹೊವಾರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಬ್ಬ ಆರೋಗ್ಯವಂತ ಮಹಿಳೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವಳ ಪಾತ್ರ ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಕಂಪ್ಯೂಟರ್ ರೋಗಿಯೂ ಹಳೆಯವನೇ. 1966ರ ಎಲೈಜಾ ಪ್ರೋಗ್ರಾಂ ಡಾಕ್ಟರ್ ಪಾತ್ರ ಮಾಡಿದ್ದು ಎಲ್ಲರಿಗೂ ನೆನಪಿದೆ. 1972ರಲ್ಲಿ ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಕೆನೆತ್ ಕೋಲ್ಬಿ ಬರೆದ ಪ್ಯಾರಿ ಮಾತ್ರ ಮರೆತುಹೋಗಿದೆ. ಪ್ಯಾರಿ ಎಲ್ಲರನ್ನೂ ಅನುಮಾನಿಸುವ ರೋಗಿಯ ಪಾತ್ರ. ಅದರೊಳಗೆ ಭಯ, ಸಿಟ್ಟು, ಅಪನಂಬಿಕೆ ಎಂಬ ಮೂರು ಮೀಟರುಗಳಿದ್ದವು. ಎದುರಿನವರ ಮಾತಿಗೆ ತಕ್ಕಂತೆ ಅವು ಏರುತ್ತಿದ್ದವು, ಇಳಿಯುತ್ತಿದ್ದವು. ಚಾಟ್‌ಬಾಟ್‌ಗಳ ಹಿಂದಿರುವ ಇಂದಿನ ಭಾಷಾ ಮಾಡೆಲ್‌ಗಳಿಗೆ ಹೋಲಿಸಿದರೆ ಪ್ಯಾರಿಯ ಭಾಷೆ ಬಡವಾಗಿತ್ತು. ಆದರೂ ಒಳಗೊಂದು ಮೀಟರ್ ಇರಬೇಕು ಅನ್ನುವ ಯೋಚನೆ ಇವತ್ತಿಗೂ ಸರಿ.

ಕೇಸನ್ನು ಪದರ ಪದರವಾಗಿ ಬರೆಯಿರಿ

ನಾನು ಜಾಸ್ತಿ ಬಳಸುವ ಕೇಸ್ ಒಂದನ್ನೇ ತೋರಿಸುತ್ತೇನೆ. 47 ವರ್ಷದ ಬಸ್ ಡ್ರೈವರ್. ಶುಗರ್ ಬಂದು ಒಂಬತ್ತು ವರ್ಷ. ಎರಡು ಬಗೆಯ ಮಾತ್ರೆ ನುಂಗುತ್ತಿದ್ದಾನೆ, ಆದರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.8, ಅಂದರೆ ತುಂಬಾ ಜಾಸ್ತಿ. ಇನ್ಸುಲಿನ್ ಶುರು ಮಾಡುವ ಬಗ್ಗೆ ವಿದ್ಯಾರ್ಥಿ ಅವನ ಜೊತೆ ಮಾತಾಡಬೇಕು.

ಮೇಲಿನ ಪದರದಲ್ಲಿ, ಯಾರು ಕೇಳಿದರೂ ಹೇಳುವ ವಿಷಯ: ಸುಸ್ತು, ರಾತ್ರಿ ಮೂತ್ರಕ್ಕೆ ಏಳುವುದು, ಮಾತ್ರೆಗಳ ಹೆಸರು. ಎರಡನೆಯದು, ನೇರವಾಗಿ ಕೇಳಿದರೆ ಮಾತ್ರ ಹೇಳುವುದು: ಡ್ಯೂಟಿ ದಿನ ಊಟದ ಹೊತ್ತು ತಪ್ಪುತ್ತದೆ, ಮಾತ್ರೆಯೂ ಆಗಾಗ ತಪ್ಪುತ್ತದೆ. ಮೂರನೆಯದು, ನಂಬಿಕೆ ಬಂದ ಮೇಲೆ ಮಾತ್ರ. ಅಪ್ಪನಿಗೆ ಇನ್ಸುಲಿನ್ ಶುರು ಮಾಡಿದ ಆರು ತಿಂಗಳಿಗೆ ಕಾಲು ತೆಗೆದರು. ಕಾಲು ಹೋಗಿದ್ದು ಇನ್ಸುಲಿನ್ನಿಂದಲೇ ಅಂತ ಇವನು ನಂಬಿದ್ದಾನೆ. ಜೊತೆಗೆ ಸೂಜಿ ಹಿಡಿದರೆ ಡ್ರೈವರ್ ಕೆಲಸ ಹೋಗುತ್ತದೆ ಎಂಬ ಭಯ.

ಇನ್ನೊಂದು ಪದರವನ್ನು ಹೆಚ್ಚಿನವರು ಬರೆಯುವುದೇ ಇಲ್ಲ: ರೋಗಿಗೆ ಗೊತ್ತೇ ಇಲ್ಲದ ವಿಷಯ. ಇದನ್ನು ಬಿಟ್ಟರೆ ಮಷೀನ್ ಕಥೆ ಹೊಸೆಯುತ್ತದೆ. ಅಜ್ಜಿಗೆ ಥೈರಾಯ್ಡ್ ಇತ್ತಾ ಅಂದರೆ ಇತ್ತು ಅನ್ನುತ್ತದೆ. ಕಿಡ್ನಿ ಟೆಸ್ಟ್ ರಿಪೋರ್ಟ್ ಕೇಳಿದರೆ ಅಂಕಿಸಂಖ್ಯೆ ಸಮೇತ ಒಪ್ಪಿಸುತ್ತದೆ. "ಇಲ್ಲಿ ಬರೆಯದ ವಿಷಯ ಕೇಳಿದರೆ ನೆನಪಿಲ್ಲ, ಗೊತ್ತಿಲ್ಲ, ಯಾರೂ ಹೇಳಿಲ್ಲ ಅನ್ನು" ಎಂಬ ಸಾಲು ಬೇಕೇ ಬೇಕು.

ಪದರ ಬರೆದರಷ್ಟೇ ಆಗಲಿಲ್ಲ. ಯಾವ ಪದರ ಯಾವ ಮಾತಿಗೆ ತೆರೆಯುತ್ತದೆ ಅನ್ನುವುದನ್ನೂ ಬರೆಯಬೇಕು. ಕೇಸಿನ ಆ ಭಾಗ ಹೀಗಿದೆ:

"ಅಪ್ಪನ ವಿಷಯವನ್ನು ನೀನಾಗಿ ಎತ್ತಬೇಡ. ಡಾಕ್ಟರ್ ನಿನ್ನ ಹಿಂಜರಿಕೆ ಗಮನಿಸಿ ಕಾರಣ ಕೇಳಿದರೆ, ಅಥವಾ ಮನೆಯಲ್ಲಿ ಇನ್ಸುಲಿನ್ ತಗೊಂಡವರ ಬಗ್ಗೆ ಕೇಳಿದರೆ, ಅರ್ಧ ಮಾತ್ರ ಹೇಳು. ಆ ಅರ್ಧವನ್ನು ಹಿಡಿದು ಮತ್ತೆ ಕೇಳಿದರೆ ಉಳಿದದ್ದು ಹೇಳು. ಕೆಲಸದ ಭಯವನ್ನು ಡ್ಯೂಟಿ ಬಗ್ಗೆ ಕೇಳಿದವರಿಗೆ ಮಾತ್ರ ಹೇಳು. ನಿನಗೆ ಹೇಗೆ ಅನಿಸುತ್ತಿದೆ ಅಂತ ಕೇಳದೆ ಎರಡು ಸಲ ಉಪದೇಶ ಮಾಡಿದರೆ, ಸರಿ ಸಾರ್ ಎಂದು ಒಪ್ಪಿದಂತೆ ಮಾಡಿ ಮಾತು ಮುಗಿಸು. ಎರಡು ವಾಕ್ಯಕ್ಕಿಂತ ಉದ್ದ ಮಾತಾಡಬೇಡ. ವೈದ್ಯಕೀಯ ಪದ ಬಳಸಬೇಡ."

ಕೊನೆಯ ಎರಡು ಸಾಲು ಚಿಕ್ಕದಾಗಿ ಕಂಡರೂ ಅರ್ಧ ಜೀವ ಅವುಗಳಲ್ಲೇ ಇದೆ. ರೋಗಿ "ಒಂಥರಾ ಆಗುತ್ತೆ" ಅನ್ನಬೇಕು. ಒಂಥರಾ ಅಂದರೆ ಏನು ಅಂತ ಬಿಡಿಸಿ ಕೇಳುವುದು ವಿದ್ಯಾರ್ಥಿಯ ಕೆಲಸ.

ಬಣ್ಣದ ಮಾತಿಗೆ ಕರಗದ ಹಾಗೆ ನೋಡಿಕೊಳ್ಳಿ

ತರಗತಿಗೆ ಒಯ್ಯುವ ಮೊದಲು ನೀವೇ ಮೂರು ಬಗೆಯ ವಿದ್ಯಾರ್ಥಿಯಾಗಿ ಕೂತು ಪರೀಕ್ಷಿಸಿ. ಒಬ್ಬ ಪೊಲೀಸ್ ವಿಚಾರಣೆಯ ಥರ ಹೌದು-ಅಲ್ಲ ಪ್ರಶ್ನೆಗಳನ್ನೇ ಕೇಳುವವನು. ಇನ್ನೊಬ್ಬ ಏನು ಕೇಳಬೇಕೋ ಗೊತ್ತಿಲ್ಲದೆ ತಡವರಿಸುವವನು. ಮೂರನೆಯವನು ಸಾಲು ಸಾಲಿಗೂ "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಅನ್ನುವವನು.

ಮಷೀನ್ ಸೋಲುವುದು ಈ ಮೂರನೆಯವನ ಎದುರಿಗೇ. ಭಾಷಾ ಮಾಡೆಲ್‌ಗಳಿಗೆ ಎದುರಿನವರನ್ನು ಖುಷಿಪಡಿಸುವ ಚಾಳಿ ಇದೆ. ಕಂಠಪಾಠ ಮಾಡಿದ ಸಹಾನುಭೂತಿಯ ಒಂದು ವಾಕ್ಯ ಸಾಕು, ಗುಟ್ಟೆಲ್ಲ ಹೊರಗೆ. ವಿದ್ಯಾರ್ಥಿಗಳು ಜಾಣರು, ಒಂದೇ ದಿನದಲ್ಲಿ ಇದನ್ನು ಪತ್ತೆ ಹಚ್ಚುತ್ತಾರೆ. ಆಮೇಲೆ ಅವರು ಕಲಿಯುವುದು ಆ ವಾಕ್ಯವನ್ನು ಗುಂಡಿಯಂತೆ ಒತ್ತುವುದನ್ನು, ರೋಗಿಯನ್ನು ಕೇಳುವುದನ್ನಲ್ಲ. ಅದಕ್ಕೇ ನನ್ನ ಪ್ರತಿ ಕೇಸಿನಲ್ಲೂ ಒಂದು ನಿಯಮ ಇರುತ್ತದೆ: ಯಾವ ರೋಗಿಗೂ ಹೇಳಬಹುದಾದ ಸಮಾಧಾನದ ಮಾತಿಗೆ "ಹೂಂ" ಅನ್ನು, ಅಷ್ಟೆ. ನೀನು ಈಗಷ್ಟೇ ಹೇಳಿದ್ದನ್ನು ಹಿಡಿದು ಮಾತಾಡಿದರೆ ಮಾತ್ರ ಒಂದು ಹೆಜ್ಜೆ ತೆರೆದುಕೋ.

ಈ ನಿಯಮ ಇದ್ದಾಗ ಏನಾಗುತ್ತದೆ ನೋಡಿ. ಮೊದಲ ಸುತ್ತು ಸಾಮಾನ್ಯವಾಗಿ ಹೀಗಿರುತ್ತದೆ:

— ನಿಮ್ಮ ಶುಗರ್ ಕಂಟ್ರೋಲಿಗೆ ಬರ್ತಿಲ್ಲ. ಇನ್ಸುಲಿನ್ ಶುರು ಮಾಡ್ಲೇಬೇಕು.
— ಮಾತ್ರೆನೇ ಸ್ವಲ್ಪ ಜಾಸ್ತಿ ಮಾಡಿ ನೋಡೋಣ ಸಾರ್.
— ಮಾತ್ರೆಯಿಂದ ಆಗಲ್ಲ. ಸೂಜಿ ತುಂಬಾ ಸಣ್ಣದು, ನೋವೇ ಆಗಲ್ಲ.
— ಸರಿ ಸಾರ್. ಮುಂದಿನ ಸಲ ಬಂದಾಗ ನೋಡೋಣ.

ಸೂಜಿಯ ನೋವಿನ ಮಾತನ್ನು ಎತ್ತಿದ್ದು ಯಾರು? ರೋಗಿಯಂತೂ ಅಲ್ಲ. ಇನ್ನು ಆ "ಸರಿ ಸಾರ್" ಇದೆಯಲ್ಲ, ಅದು ಒಪ್ಪಿಗೆಯಲ್ಲ, ಜಾಗ ಖಾಲಿ ಮಾಡುವ ದಾರಿ. ಅದನ್ನು ಗುರುತಿಸಲು ಕಲಿತರೆ ಇಡೀ ತರಗತಿ ಸಾರ್ಥಕ. ಅದೇ ಹುಡುಗ ಎರಡನೇ ಸುತ್ತಿನಲ್ಲಿ:

— ಮಾತ್ರೆನೇ ಜಾಸ್ತಿ ಮಾಡೋಣ ಅಂದ್ರಿ. ಇನ್ಸುಲಿನ್ ಅಂದ್ರೆ ಏನು ಯೋಚನೆ ಬರುತ್ತೆ?
— ಏನಿಲ್ಲ... ನಮ್ಮಪ್ಪಂಗೂ ಕೊನೆಗೆ ಅದನ್ನೇ ಕೊಟ್ಟಿದ್ರು.
— ಕೊನೆಗೆ ಅಂದ್ರೆ?
— ಶುರು ಮಾಡಿ ಆರೇ ತಿಂಗಳು. ಕಾಲು ತೆಗೆದ್ರು.

"ಕೊನೆಗೆ ಅಂದ್ರೆ?" ಎರಡೇ ಪದ. ಅದರಲ್ಲಿ ಸಹಾನುಭೂತಿಯ ಶಬ್ದ ಒಂದೂ ಇಲ್ಲ.

ತರಗತಿ ನಡೆಸುವಾಗ

ಗುಂಪಿನಲ್ಲಿ ಐದಾರು ಜನ ಸಾಕು. ಒಬ್ಬರು ಮಾತಾಡುತ್ತಾರೆ, ಎಂಟು ನಿಮಿಷ. ಉಳಿದವರು ಸುಮ್ನೆ ಕೂರಬಾರದು. ಒಬ್ಬರು ತೆರೆದ ಪ್ರಶ್ನೆಗಳನ್ನು, ಅಂದರೆ ಹೌದು-ಅಲ್ಲ ಅಂತ ಮುಗಿಸಲಾಗದ ಪ್ರಶ್ನೆಗಳನ್ನು, ಎಣಿಸಲಿ. ಇನ್ನೊಬ್ಬರು ರೋಗಿ ಕೊಟ್ಟ ಸುಳಿವುಗಳನ್ನು ಬರೆದುಕೊಳ್ಳಲಿ, ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು. ಮತ್ತೊಬ್ಬರ ಕೈಯಲ್ಲಿ ಗಡಿಯಾರ. ರೋಗಿ ತನ್ನ ತೊಂದರೆ ಹೇಳಲು ಶುರು ಮಾಡಿದ ಮೇಲೆ ಎಷ್ಟು ಸೆಕೆಂಡಿಗೆ ವಿದ್ಯಾರ್ಥಿ ಬಾಯಿ ಹಾಕಿದ ಅಂತ ನೋಡಲಿ. 1984ರಲ್ಲಿ ಬೆಕ್ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ನಿಜವಾದ ಡಾಕ್ಟರುಗಳನ್ನೇ ಹೀಗೆ ಅಳೆದಾಗ ಸಿಕ್ಕಿದ್ದು ಸರಾಸರಿ 18 ಸೆಕೆಂಡ್. ಈ ಅಳತೆಗೆ ಮಾತ್ರ ಎರಡು ವಾಕ್ಯದ ಮಿತಿ ಸಡಿಲಿಸಿ, ಮೊದಲ ಉತ್ತರ ಉದ್ದವಾಗಿರಲಿ. ಇಲ್ಲದಿದ್ದರೆ ಅಡ್ಡ ಬಾಯಿ ಹಾಕಲು ಅವಕಾಶವೇ ಇರುವುದಿಲ್ಲ.

ಟೈಪ್ ಮಾಡಿಸುವುದಕ್ಕಿಂತ ದನಿಯಲ್ಲಿ ಮಾತಾಡಿಸುವುದು ಒಳ್ಳೆಯದು. ಟೈಪ್ ಮಾಡುವಾಗ ಅಳಿಸಿ ತಿದ್ದಬಹುದು, ಬಾಯಿಂದ ಬಿದ್ದ ಮಾತನ್ನು ತಿದ್ದಲಾಗುವುದಿಲ್ಲ. ಆದರೆ ಒಂದು ತೊಡಕಿದೆ. ಹಲವು ಸಾಫ್ಟ್‌ವೇರ್‌ಗಳು ಎರಡು ಸೆಕೆಂಡಿನ ಮೌನವನ್ನೂ ಮಾತು ಮುಗಿಯಿತು ಅಂದುಕೊಂಡು ಉತ್ತರಿಸಿಬಿಡುತ್ತವೆ. ಯೋಚಿಸಲು ನಿಂತ ವಿದ್ಯಾರ್ಥಿಯ ಮಾತು ಅರ್ಧಕ್ಕೇ ತುಂಡಾಗುತ್ತದೆ. ಗುಂಡಿ ಒತ್ತಿ ಹಿಡಿದು ಮಾತಾಡುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿ.

ಮಷೀನಿನ ದೊಡ್ಡ ಲಾಭ ಹಿಂದಕ್ಕೆ ಹೋಗಬಹುದಾದದ್ದು. "ಸರಿ ಸಾರ್" ಬಂದ ಜಾಗಕ್ಕೆ ಒಂದು ಸಾಲು ಹಿಂದೆ ನಿಲ್ಲಿಸಿ, "ಇಲ್ಲಿ ಬೇರೆ ಏನು ಕೇಳಬಹುದಿತ್ತು?" ಅಂತ ಗುಂಪನ್ನು ಕೇಳಿ. ಬಂದ ಮೂರು ನಾಲ್ಕು ಉತ್ತರಗಳನ್ನು ಅಲ್ಲಿಂದಲೇ ಒಂದೊಂದಾಗಿ ಆಡಿಸಿ. ನಟರಿಂದಲೂ ಇದನ್ನು ಮಾಡಿಸಬಹುದು, ಆದರೆ ಅಳುವ ದೃಶ್ಯವನ್ನು ಆರನೇ ಸಲ ಮಾಡಿ ಅಂದರೆ ಅವರಿಗೂ ಸಾಕಾಗುತ್ತದೆ.

ಮುಗಿದ ಮೇಲಿನ ಚರ್ಚೆಗೆ ಮಾತಿನಷ್ಟೇ ಹೊತ್ತು ಕೊಟ್ಟರೆ ಸಾಲದು, ಎರಡು ಪಟ್ಟು ಇಡಿ. ಮೊದಲು ಮಾತಾಡಿದ ವಿದ್ಯಾರ್ಥಿಯೇ ಹೇಳಲಿ, ಆಮೇಲೆ ಗುಂಪು, ಕೊನೆಗೆ ನೀವು. "ಚೆನ್ನಾಗಿತ್ತು", "ಇನ್ನೂ ಆತ್ಮೀಯವಾಗಿರಬೇಕಿತ್ತು" ಅನ್ನುವ ಮಾತು ಬೇಡ. ಮಾತುಕತೆಯ ಪ್ರತಿ ಮುಂದಿದೆ, ಅದರಲ್ಲಿ ಬೆರಳಿಟ್ಟು ತೋರಿಸಿ. ಕೆಲವರು ಮಷೀನನ್ನೇ ಪಾತ್ರದಿಂದ ಹೊರಗೆ ಕರೆದು "ನನ್ನ ಮೇಲೆ ನಂಬಿಕೆ ಬಂದಿದ್ದು ಯಾವಾಗ?" ಅಂತ ಕೇಳುತ್ತಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಅದು ಆಗ ಹೇಳುವುದು ಆ ಕ್ಷಣಕ್ಕೆ ಹೊಸೆದ ವಿವರಣೆ, ಅದೂ ನಯವಾಗಿ. ಅಂಕ ಕೊಡು ಅಂದರೂ ಅಷ್ಟೇ, ಕೈ ಧಾರಾಳ.

ಅಂಕದ ಮಾತು ಬಂದದ್ದರಿಂದ ಹೇಳುತ್ತೇನೆ, ಪಾಸು-ಫೇಲು ತೀರ್ಮಾನಿಸುವ ಪರೀಕ್ಷೆಗೆ ಈ ರೋಗಿಯನ್ನು ಕೂರಿಸಬೇಡಿ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು ವಿದ್ಯಾರ್ಥಿ ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಆಸ್ಕಿ (OSCE) ಪರೀಕ್ಷೆಯನ್ನು ಮುಂದಿಟ್ಟಾಗ ಅದರ ಜೀವಾಳವೇ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಅನ್ನುವುದು. ಭಾಷಾ ಮಾಡೆಲ್ ಒಂದೇ ಕೇಸನ್ನು ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ಆಡುತ್ತದೆ. ಅಭ್ಯಾಸಕ್ಕೆ ಅದೇ ಚೆಂದ, ಪರೀಕ್ಷೆಗೆ ಅನ್ಯಾಯ.

ಮಷೀನಿಗೆ ಬಿಡಬಾರದ್ದು

ಕೆಟ್ಟ ಸುದ್ದಿ ಹೇಳುವುದನ್ನು ಕಲಿಸಲು ಸ್ಪೈಕ್ಸ್ ಎಂಬ ಆರು ಹೆಜ್ಜೆಯ ಕ್ರಮವಿದೆ, 2000ದಲ್ಲಿ ಕ್ಯಾನ್ಸರ್ ತಜ್ಞರ ಪತ್ರಿಕೆಯೊಂದರಲ್ಲಿ ಬಂದದ್ದು. ಕೂರುವ ಜಾಗ ಸಿದ್ಧ ಮಾಡುವುದು, ರೋಗಿಗೆ ಈಗಾಗಲೇ ಏನು ಗೊತ್ತು ಅಂತ ತಿಳಿಯುವುದು, ಎಷ್ಟು ತಿಳಿಯಲು ಇಷ್ಟ ಅಂತ ಕೇಳುವುದು, ಸುದ್ದಿ ಹೇಳುವುದು, ಭಾವನೆಗೆ ಸ್ಪಂದಿಸುವುದು, ಮುಂದಿನ ದಾರಿ ಹೇಳಿ ಮುಗಿಸುವುದು. ಇದರಲ್ಲಿ ಎರಡು, ಮೂರು, ನಾಲ್ಕನೇ ಹೆಜ್ಜೆಯ ಮಾತುಗಳನ್ನು ಬಾಯಿಗೆ ಕೂರಿಸಿಕೊಳ್ಳಲು ವರ್ಚುವಲ್ ರೋಗಿ ಚೆನ್ನಾಗಿ ಒದಗುತ್ತಾನೆ. ಐದನೆಯದಕ್ಕೆ ಮನುಷ್ಯರೇ ಬೇಕು. ಸುದ್ದಿ ಕೇಳಿ ನೆಲ ನೋಡುತ್ತಾ ಕೂತವರ ಎದುರು ಅರ್ಧ ನಿಮಿಷ ಬಾಯಿ ಮುಚ್ಚಿ ಕೂರುವುದನ್ನು ಸ್ಕ್ರೀನ್ ಕಲಿಸುವುದಿಲ್ಲ. ಇಂಥ ಕೇಸ್ ಇರುವ ದಿನ ಮೊದಲೇ ತಿಳಿಸಿ. ಮನೆಯಲ್ಲಿ ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡ ವಿದ್ಯಾರ್ಥಿಗೆ ಕಾರಣ ಕೇಳದೆ ಹೊರಗಿರಲು ಬಿಡಿ.

ನಿಜವಾದ ರೋಗಿಯ ಕೇಸ್ ಶೀಟನ್ನು ಹೆಸರು ಅಳಿಸಿಯೂ ಸಾಫ್ಟ್‌ವೇರಿಗೆ ಹಾಕಬೇಡಿ. ಹಲವರ ಕಥೆ ಬೆರೆಸಿ ಹೊಸಬನನ್ನು ಕಟ್ಟಿ. ವಿದ್ಯಾರ್ಥಿಗಳ ಧ್ವನಿ ಎಲ್ಲಿ ಉಳಿಯುತ್ತದೆ, ಯಾವಾಗ ಅಳಿಯುತ್ತದೆ ಅನ್ನುವುದನ್ನು ಅವರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಇನ್ನೊಂದು ಗಮನಿಸಿ: ಕೇಸಿನಲ್ಲಿ ಬಡವ, ಓದದವನು ಅಂತ ಬರೆದ ಕೂಡಲೇ ಮಷೀನ್ ಅವನನ್ನು ಪೆದ್ದನನ್ನಾಗಿಯೋ ಹಠಮಾರಿಯನ್ನಾಗಿಯೋ ಮಾಡಿಬಿಡಬಹುದು. ಪರೀಕ್ಷಿಸುವಾಗಲೇ ಅದನ್ನು ತಿದ್ದಿ.

ಇನ್ನು ಗುಟ್ಟು ಸೋರುವ ಸಮಸ್ಯೆ. ಒಂದು ಬ್ಯಾಚ್ ಮುಗಿಯುವಷ್ಟರಲ್ಲಿ ಡ್ರೈವರನ ಅಪ್ಪನ ಕಾಲಿನ ಕಥೆ ಜೂನಿಯರ್‌ಗಳಿಗೆ ತಲುಪಿರುತ್ತದೆ. ಹೊಸ ಕೇಸ್ ಬರೆಯುವ ಅಗತ್ಯವಿಲ್ಲ. ಮೇಲಿನ ಎರಡು ಪದರ ಹಾಗೇ ಇರಲಿ, ಮೂರನೆಯದನ್ನು ಮಾತ್ರ ಬದಲಿಸಿ. ಈ ಸಲ ನನ್ನ ಡ್ರೈವರ್‌ಗೆ ರಾತ್ರಿ ಹೊತ್ತು ಕಣ್ಣು ಮಂಜಾಗುತ್ತಿದೆ, ಕೆಲಸ ಹೋದೀತು ಅಂತ ಯಾರಿಗೂ ಹೇಳಿಲ್ಲ. ಅಪ್ಪನ ಬಗ್ಗೆ ಕೇಳಿದವರಿಗೆ "ಚೆನ್ನಾಗಿದ್ದಾರೆ ಸಾರ್" ಅನ್ನುತ್ತಾನೆ. ಕಣ್ಣಿನ ವಿಷಯ ಹೊರತೆಗೆದ ವಿದ್ಯಾರ್ಥಿಗೆ ಆಮೇಲೆ ಇನ್ನೊಂದು ಪೇಚು. ರೋಗಿ ನಂಬಿ ಹೇಳಿದ ಮಾತು ಇದು, ಬಸ್ಸಿನಲ್ಲಿ ಜನ ಕೂತಿರುತ್ತಾರೆ. ಈ ಕೇಸಿಗೆ ಎಂಟು ನಿಮಿಷ ಸಾಲದು, ಹದಿನೈದು ಇಡಿ.