ಅಮ್ಮನಿಗೆ ಖಿನ್ನತೆ: ಮಗುವಿಗೆ ಹೇಳುವುದು ಹೇಗೆ?

ಅಮ್ಮ ವಾರಗಟ್ಟಲೆ ಕೋಣೆಯಿಂದ ಹೊರಗೆ ಬರುತ್ತಿಲ್ಲ. ಯಾಕೆಂದು ಕೇಳಿದ ಮಗುವಿಗೆ ಸಿಗುವ ಉತ್ತರ, ‘ತಲೆನೋವು, ಗಲಾಟೆ ಮಾಡ್ಬೇಡ’. ಮಗು ಸುಮ್ಮನಾಗುತ್ತದೆ, ಆದರೆ ಕಾರಣವನ್ನು ತಾನೇ ಹುಡುಕಿಕೊಳ್ಳುತ್ತದೆ. ಐದಾರು ವರ್ಷದವರಿಗೆ ಸಾಮಾನ್ಯವಾಗಿ ಹೊಳೆಯುವುದು ಒಂದೇ: ‘ನಾನು ಹಟ ಮಾಡಿದ್ದಕ್ಕೇ ಹೀಗಾಯ್ತು’.

ಮೊದಲು ಚಿಕಿತ್ಸೆ ಶುರುವಾಗಲಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅಮ್ಮನ ಚಿಕಿತ್ಸೆ ಮಗುವಿನ ಚಿಕಿತ್ಸೆಯೂ ಹೌದು. ಅಮೆರಿಕದಲ್ಲಿ ಸಂಶೋಧಕಿ ಮಿರ್ನಾ ವೈಸ್‌ಮನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳಲ್ಲಿ ತಾಯಿಯ ಖಿನ್ನತೆ ಇಳಿದ ಮನೆಗಳಲ್ಲಿ ಮಕ್ಕಳ ಮಾನಸಿಕ ತೊಂದರೆಗಳೂ ಇಳಿದವು. ಇಳಿಯದ ಮನೆಗಳಲ್ಲಿ ಏರಿದವು. ಅಂಗಡಿಯಲ್ಲಿ ‘ಒತ್ತಡ ನಿವಾರಕ’ ಎಂದು ಮಾರುವ ಸಿರಪ್ ಬೇಡವೇ ಬೇಡ. ಕೆಲವು ಗಿಡಮೂಲಿಕೆಗಳು ಖಿನ್ನತೆಯ ಮಾತ್ರೆಯ ಜೊತೆ ಸೇರಿ ಅಪಾಯ ಮಾಡುತ್ತವೆ.

ರಜೆಯ ದಿನ ಹಗಲು ಹೊತ್ತಲ್ಲಿ, ಅಮ್ಮನ ಒಪ್ಪಿಗೆ ಪಡೆದು ಮಾತಾಡಿ. ಮಲಗುವ ಹೊತ್ತು ಬೇಡ.

ಎಲ್ಲರೂ ಎಡವುವುದು ಮಾತಿನಲ್ಲೇ. ಹೀಗೆ ಹೇಳಿ:

‘ಪುಟ್ಟಾ, ಅಮ್ಮಂಗೆ ಕಾಯಿಲೆ ಆಗಿದೆ, ಅದರ ಹೆಸರು ಖಿನ್ನತೆ. ಅದು ಬಂದಾಗ ಸುಸ್ತಾಗುತ್ತೆ, ಅಳು ಬರುತ್ತೆ, ಬೇಗ ಸಿಟ್ಟು ಬರುತ್ತೆ. ನೀನು ಏನೋ ಮಾಡಿದ್ದಕ್ಕೆ ಬಂದಿದ್ದಲ್ಲ. ಡಾಕ್ಟ್ರು ಔಷಧಿ ಕೊಟ್ಟಿದಾರೆ. ನಾಳೆಯಿಂದ ನಿಂಗೆ ಜಡೆ ಹಾಕಿ, ಡಬ್ಬಿ ಕಟ್ಟಿ ಸ್ಕೂಲಿಗೆ ಕಳ್ಸೋದು ಅಜ್ಜಿ.’

ಕೊನೆಯ ವಾಕ್ಯವನ್ನೇ ಬಹಳ ಮಂದಿ ಬಿಡುತ್ತಾರೆ. ಮಗುವಿನ ದಿಗಿಲು ಇರುವುದು ಅಲ್ಲೇ: ನಾಳೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಅಜ್ಜಿಯನ್ನು ಮೊದಲೇ ಕೇಳಿ ಒಪ್ಪಿಸಿ, ಆಮೇಲೆ ಮಾತು ಕೊಡಿ.

‘ಮುಂದಿನ ವಾರ ಹುಷಾರಾಗ್ತಾಳೆ’ ಎನ್ನಬೇಡಿ. ಮಾತ್ರೆಯ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರವಾದರೂ ಬೇಕು. ‘ನಿಧಾನಕ್ಕೆ’ ಎಂಬ ಪದ ಸಾಕು. ‘ನೀನು ಚೆನ್ನಾಗಿ ಓದಿದ್ರೆ ಅಮ್ಮ ಸರಿಹೋಗ್ತಾಳೆ’ ಎಂಬುದಂತೂ ಕ್ರೂರ. ಅಮ್ಮನ ಕಾಯಿಲೆ ಮರುಕಳಿಸಿದ ದಿನ ಮಗು ತನ್ನ ಮಾರ್ಕ್ಸ್ ಕಾರ್ಡನ್ನು ಶಪಿಸುತ್ತದೆ. ಅಮ್ಮ ಮಾತ್ರೆ ನುಂಗಿದಳೇ ಎಂದು ನೋಡುವ ಕೆಲಸವನ್ನೂ ಮಗುವಿಗೆ ಒಪ್ಪಿಸಬೇಡಿ, ಅದು ದೊಡ್ಡವರದು. ‘ಯಾರಿಗೂ ಹೇಳ್ಬೇಡ’ ಎನ್ನುವ ಬದಲು, ‘ಚಿಕ್ಕಮ್ಮನ ಹತ್ರ, ನಿಮ್ಮ ಮಿಸ್ ಹತ್ರ ಹೇಳ್ಕೋಬಹುದು’ ಎಂದು ಹೆಸರು ಹಿಡಿದು ಹೇಳಿ.

ಹೈಸ್ಕೂಲಿನ ಮಕ್ಕಳು ‘ನಂಗೂ ಬರುತ್ತಾ?’ ಎಂದು ಕೇಳುತ್ತಾರೆ. ಸುಳ್ಳು ಬೇಡ. ಇದು ಅಂಟುವ ರೋಗವಲ್ಲ, ತಂದೆತಾಯಿಗೆ ಇದ್ದರೆ ಸಾಧ್ಯತೆ ಹೆಚ್ಚು, ಆದರೆ ಬಂದೇ ಬರುತ್ತದೆಂದಲ್ಲ, ಬಂದರೂ ಚಿಕಿತ್ಸೆಯಿದೆ.

ಒಂದೇ ಸಲ ಹೇಳಿ ಮುಗಿಸಬೇಡಿ, ಹದಿನೈದು ದಿನಕ್ಕೊಮ್ಮೆ ಮತ್ತೆ ಕೇಳಿ. ಹಾಸಿಗೆ ಒದ್ದೆ ಮಾಡುವ, ನಿಂತುಹೋಗಿದ್ದ ಅಭ್ಯಾಸ ಮರಳಿದರೆ, ಶಾಲೆಗೆ ಹೊರಡುವ ಹೊತ್ತಿಗೇ ಹೊಟ್ಟೆನೋವು ಬಂದು ಎರಡು ವಾರ ಕಳೆದರೂ ನಿಲ್ಲದಿದ್ದರೆ ಮಗುವನ್ನೂ ವೈದ್ಯರಿಗೆ ತೋರಿಸಿ. ಅಮ್ಮ ಸಾಯುವ ಮಾತಾಡಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮಗುವನ್ನು ಇನ್ನೊಬ್ಬ ಹಿರಿಯರ ಕೈಗೊಪ್ಪಿಸಿ ಆಗಲೇ ಆಸ್ಪತ್ರೆಗೆ ಹೊರಡಿ.